ಹೇಳದೆ ಇಟ್ಟ ಮೊರ

"ಎಡಗಡೆ ಮರಳಿಗೆ ಮಾತ್ರ ಹೋಗ್ಬೇಡಿ ಸಾರ್. ಅಲ್ಲಿ ಮಾರಿ ಮೊರ ಮಡಗಿದ್ದೀವಿ."

ದೋಣಿಯ ಎಂಜಿನ್ ಆರಿಸಿ, ಹಗ್ಗವನ್ನು ಗೂಟಕ್ಕೆ ಸುತ್ತುತ್ತ ಪದ್ಮಯ್ಯ ಹೇಳಿದ ಮೊದಲ ಮಾತೇ ಇದು. ರೆಸಾರ್ಟಿನ ದೋಣಿ ನಡೆಸುವುದು ಅವನ ಕೆಲಸ. ಊರು ಹಾರಂಗಿ ಹಿನ್ನೀರಿನ ಈಚೆ ದಡದ ನೆಲ್ಲಿಗುಂದ. ದೋಣಿಯಲ್ಲಿ ಬಂದವರು ಮೂವರು: ತಿಪಟೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಚಿದಾನಂದ, ಅವನ ಹೆಂಡತಿ ಸುಧಾ, ಏಳು ವರ್ಷದ ಮಗಳು ಐಶ್ವರ್ಯ.

"ಮಾರಿ ಮೊರ ಅಂದ್ರೆ?" ಚಿದಾನಂದನ ಕಣ್ಣು ಅರಳಿತು. ಶಾಲೆಗಳಿಗೆ ಹೋಗಿ ನಾಲಗೆಯ ಮೇಲೆ ಕರ್ಪೂರ ಉರಿಸಿ, ನಿಂಬೆಹಣ್ಣಿನಿಂದ ರಕ್ತ ಬರಿಸಿ, ಕೊನೆಗೆ ಅದರ ಗುಟ್ಟು ಬಿಡಿಸಿ ಹೇಳುವುದು ಅವನ ರಜಾದಿನಗಳ ಹವ್ಯಾಸ.

"ಊರಲ್ಲಿ ಮಕ್ಕಳಿಗೆ ಕಾಯಿಲೆ ಬಿದ್ದಿತ್ತು. ಅಮ್ಮನ್ನ ಮೊರಕ್ಕೆ ಇಳಿಸಿ ಗಡಿಗೆ ಕಳಿಸಿದ್ವಿ. ನಮ್ಮ ಗಡಿಕಲ್ಲು ಇರೋದು ಇದೇ ಗುಡ್ಡದಲ್ಲಿ, ನೀರು ಬಂದು ದ್ವೀಪ ಆಗ್ಯದೆ ಅಷ್ಟೆ. ಮೊರ ಮುಟ್ಟಬಾರದು. ತಲೆ ಮೇಲಂತೂ ಏರಿಸಲೇಬಾರದು. ಬಂದೋರಿಗೆಲ್ಲ ಹೇಳ್ಬೇಕು ಅಂತ ಕಟ್ಟಳೆ. ನಾನು ಹೇಳ್ದೆ, ನೀವು ಕೇಳುದ್ರಿ."

"ಏರಿಸಿದ್ರೆ?"

"ಬುಡಿ ಸಾರ್, ಸಂತೋಷವಾಗಿ ಇರಾಕೆ ಬಂದಿದೀರಿ."

"ಏರಿಸಿದ್ರೆ ಅಮ್ಮ ನಮ್ಮ ಜತೆ ತಿಪಟೂರಿಗೆ ಬರ್ತಾಳೆ. ಬರ್ಲಿ ಬಿಡಪ್ಪ, ಬಸ್ಸಲ್ಲಿ ಹೆಂಗಸರಿಗೆ ಹೇಗಿದ್ರೂ ಟಿಕೆಟ್ ಇಲ್ಲ."

ಸುಧಾ ನಕ್ಕಳು. ಅವಳು ನಕ್ಕಿದ್ದಕ್ಕೆ ಐಶ್ವರ್ಯಳೂ ನಕ್ಕಳು. ಪದ್ಮಯ್ಯ ಚೀಲಗಳನ್ನು ಇಳಿಸಿದ.

ಕೊಡಗಿನಲ್ಲೇ ಕಡಲತೀರ ಎಂದು ರೆಸಾರ್ಟಿನವರು ಜಾಹೀರಾತು ಕೊಟ್ಟಿದ್ದರು. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ದ್ವೀಪದ ಸುತ್ತ ಬಿಳಿ ಮರಳಿನ ಅಂಚು ಮೇಲೇಳುತ್ತದೆ. ಅದರ ಮೇಲೆ ಹುಲ್ಲಿನ ಕೊಡೆಗಳು, ಮರದ ಒರಗುಕುರ್ಚಿಗಳು, ಎಲ್ಲಿಂದಲೋ ತಂದು ನೆಟ್ಟ ತೆಂಗಿನ ಗಿಡಗಳು. ವಾರದ ನಡುವಾದ್ದರಿಂದ ಬೇರೆ ಅತಿಥಿಗಳಿರಲಿಲ್ಲ. ಅಡುಗೆಯವರು ಮಧ್ಯಾಹ್ನದ ಊಟ ಮುಚ್ಚಿಟ್ಟು ಅದೇ ದೋಣಿಯಲ್ಲಿ ಹಿಂದಿರುಗಿದರು.

"ಬೀಚ್ ಅಂದ್ರಲ್ರೀ, ಇದು ಕೆರೆ ದಡ," ಸುಧಾ ಅಂದಳು.

"ಮರಳಿದೆ, ನೀರಿದೆ, ಕೊಡೆ ಇದೆ. ಬೀಚಿಗೆ ಇನ್ನೇನು ಕೋಡು ಇರತ್ತಾ?"

ಊಟಕ್ಕೆ ಮೊದಲೇ ಅವನು ಎಡಗಡೆಯ ಮರಳಿಗೆ ಹೊರಟ. ಹೆಂಡತಿ, ಮಗಳು ಹಿಂದೆ ನಡೆದರು. ಮರಳು ಕಾದಿತ್ತು. ಚಾಚಿದ ತುದಿಯಲ್ಲಿ, ಅರ್ಧ ಹೂತ ಕಲ್ಲಿನ ಬುಡದಲ್ಲಿ ಮೊರ ಕಾಣಿಸಿತು. ಅರಿಸಿನ ಬಳಿದ ಹಳೆಯ ಬಿದಿರಿನ ಮೊರ. ಅದರಲ್ಲಿ ಕುಂಕುಮ ಕಲಸಿದ ಅನ್ನ, ಕಪ್ಪು ಗಾಜಿನ ಬಳೆಗಳು, ಸವೆದ ಪೊರಕೆ, ಬೇವಿನ ಸೊಪ್ಪು. ಸೊಪ್ಪಿನ ಮೇಲೆ ಕೆಂಪು ಬಟ್ಟೆ ಸುತ್ತಿದ, ಅಂಗೈಯುದ್ದದ ಮರದ ಬೊಂಬೆ. ಅನ್ನ ಹಳಸಿರಲಿಲ್ಲ. ಇರುವೆ ಮುತ್ತಿರಲಿಲ್ಲ. ಚಿದಾನಂದ ಇದನ್ನು ಗಮನಿಸಿದ. ಅರಿಸಿನಕ್ಕೆ ಇರುವೆ ಬರುವುದಿಲ್ಲ ಎಂದು ತನಗೆ ತಾನೇ ಕಾರಣ ಕೊಟ್ಟುಕೊಂಡ.

"ವಿಡಿಯೊ ಮಾಡು," ಎಂದು ಫೋನನ್ನು ಸುಧಾಳ ಕೈಗಿತ್ತು, ಬಗ್ಗಿ ಮೊರವನ್ನು ಎತ್ತಿದ. ತಲೆಯ ಮೇಲಿಟ್ಟ. ಎರಡು ಕೈ ಬಿಟ್ಟು ನಿಂತ.

"ವಿದ್ಯಾರ್ಥಿಗಳೇ, ನೋಡಿ. ಮಾರಿ ಈಗ ನನ್ನ ತಲೆ ಮೇಲಿದ್ದಾಳೆ. ಒಟ್ಟು ತೂಕ ಅರ್ಧ ಕೆಜಿ."

"ಸಾಕು, ಅಲ್ಲೇ ಇಡ್ರೀ ಈಗ," ಸುಧಾ ಅಂದಳು. ಅವಳ ನಗು ಅರ್ಧಕ್ಕೇ ನಿಂತಿತ್ತು.

"ಯಾಕೆ ಇಡ್ಲಿ? ಕಾಲೇಜಿಗೆ ಒಯ್ತೀನಿ. ದುಡ್ಡು ಕೊಟ್ರೂ ಇಂಥದ್ದು ಸಿಗಲ್ಲ."

ಮೊರ ಹೊತ್ತೇ ನಡೆದು ಬಂದು ಅದನ್ನು ಕಾಟೇಜಿನ ಜಗಲಿಯ ಮೇಲೆ ಇಳಿಸಿದ. ಗಾಳಿ ಆ ಹೊತ್ತಿಗೇ ಬಿದ್ದುಹೋಯಿತು. ತೆಂಗಿನ ಗರಿ ಅಲ್ಲಾಡಲಿಲ್ಲ. ದಡಕ್ಕೆ ಬಡಿಯುತ್ತಿದ್ದ ನೀರಿನ ಸದ್ದು ನಿಂತಿತು. ಮೂವರೂ ಕೈ ತೊಳೆದು ಊಟಕ್ಕೆ ಕುಳಿತರು.

ಊಟವಾದ ಮೇಲೆ ಸುಧಾಗೆ ಜೋಂಪು ಹತ್ತಿತ್ತು. ಚಿದಾನಂದ ಹಾಸಿಗೆಯ ಮೇಲೆ ಕುಳಿತು ವಿಡಿಯೊ ನೋಡುತ್ತಿದ್ದ. ಐಶ್ವರ್ಯ ಕಿಟಕಿಯ ಬಳಿ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಕೋಣೆಯ ತುಂಬ ಬಿಸಿಲು.

"ಅಪ್ಪ, ಯಾಕೆ ಕಿಟಕಿ ಮುಚ್ಚಿದ್ರಿ?"

"ತೆಗೆದೇ ಇದೆಯಲ್ಲ ಪುಟ್ಟಾ."

"ಬಣ್ಣ ಕಾಣ್ತಿಲ್ಲ. ಲೈಟ್ ಹಾಕಿ."

ಅವನು ತಲೆ ಎತ್ತಿದ. ಮಗಳು ಪೆನ್ಸಿಲ್ ಹಿಡಿದು ನೇರವಾಗಿ ಸೂರ್ಯನನ್ನು ನೋಡುತ್ತಿದ್ದಳು. ರೆಪ್ಪೆ ಮಿಟುಕಿಸುತ್ತಿರಲಿಲ್ಲ. ಅವಳ ಮುಖದ ಮುಂದೆ ಕೈ ಆಡಿಸಿದ. ಫೋನಿನ ಟಾರ್ಚು ಹಾಕಿ ಕಣ್ಣಿಗೆ ಹಿಡಿದ. ಬೆಳಕು ಬಿದ್ದರೆ ಪಾಪೆ ಕಿರಿದಾಗಬೇಕು. ಆಗಲಿಲ್ಲ. ಎರಡು ಕಣ್ಣುಗಳೂ ಬಾವಿಯ ಬಾಯಿಯ ಹಾಗೆ ತೆರೆದೇ ಇದ್ದವು.

ಮೈ ಮುಟ್ಟಿದ. ಸುಡುತ್ತಿತ್ತು. ಅವಳ ಉಸಿರಿನಲ್ಲಿ ಬೇವಿನ ಕಹಿ ವಾಸನೆ; ಅದರ ಹಿಂದೆ ಇನ್ನೊಂದು, ಕೂದಲು ಸುಟ್ಟಂಥದ್ದು.

"ಸುಧಾ, ಏಳು. ಏಳು ಬೇಗ."

ಪರಿಚಯದ ವೈದ್ಯರಿಗೆ ಫೋನ್ ಮಾಡಿದ. ಅವರು ಲಕ್ಷಣ ಕೇಳಿ ಒಂದೇ ಮಾತು ಹೇಳಿದರು: ತಡ ಮಾಡಬೇಡ, ಈಗಲೇ ಆಸ್ಪತ್ರೆಗೆ ಹೊರಡು. ಪದ್ಮಯ್ಯನಿಗೆ ಫೋನ್ ಮಾಡಿದ. ದೋಣಿ ಬಂತು. ಮಗುವನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಹೊರಬಂದಾಗ ಪದ್ಮಯ್ಯನ ಕಣ್ಣು ಜಗಲಿಯ ಮೇಲಿನ ಮೊರದ ಮೇಲೆ ಬಿತ್ತು. ಅವನು ಅಲ್ಲೇ ನಿಂತುಬಿಟ್ಟ.

"ದೋಣಿ ಬಿಡಪ್ಪ!" ಚಿದಾನಂದ ಕೂಗಿದ.

ದ್ವೀಪದಿಂದ ಸ್ವಲ್ಪ ದೂರದಲ್ಲಿ, ನೀರಿನಲ್ಲಿ ಕೆಂಪು ಬಣ್ಣ ಬಳಿದ ಒಂದು ಗೂಟವಿತ್ತು. ರೆಸಾರ್ಟಿನ ಜಾಗ ಅಲ್ಲಿಗೆ ಮುಗಿಯುತ್ತದೆ. ದೋಣಿ ಗೂಟ ದಾಟಿತು. ಐಶ್ವರ್ಯಳ ಉಸಿರು ನಿಂತಿತು.

ಏದುಸಿರಿಲ್ಲ. ನಡುಕವಿಲ್ಲ. ದೀಪ ಆರಿಸಿದ ಹಾಗೆ ನಿಂತಿತು. ಸುಧಾ ಎದೆಗೆ ಕಿವಿಯಿಟ್ಟಳು. ತುಟಿ ನೀಲಿಗಟ್ಟತೊಡಗಿತು. ಚಿದಾನಂದ ಬಾಯಿಗೆ ಬಾಯಿಟ್ಟು ಗಾಳಿ ಊದಿದ. ಊದಿದ ಗಾಳಿ ಒಳಗೆ ಹೋಗದೆ ಅವನ ಮುಖಕ್ಕೇ ಮರಳಿತು, ಒಳಗಿನಿಂದ ಯಾರೋ ಬಾಗಿಲಿಗೆ ಭುಜ ಕೊಟ್ಟು ನಿಂತಂತೆ.

ಪದ್ಮಯ್ಯ ಕೇಳದೆ ದೋಣಿ ತಿರುಗಿಸಿದ. ಗೂಟದ ಈಚೆ ಬಂದದ್ದೇ ಮಗು ಉದ್ದಕ್ಕೆ ಉಸಿರೆಳೆದುಕೊಂಡಿತು.

"ಕಾಕತಾಳೀಯ," ಎಂದ ಚಿದಾನಂದ. "ಜ್ವರಕ್ಕೆ ಹಾಗೆ ಆಗತ್ತೆ. ಹೋಗು, ಮತ್ತೆ ಹೋಗು."

"ಬೇಡ ಸಾರ್."

"ಹೋಗಯ್ಯ!"

ಮತ್ತೆ ಗೂಟ ದಾಟಿತು. ಮತ್ತೆ ಉಸಿರು ನಿಂತಿತು. ಈ ಸಲ ಕಣ್ಣು ಮೇಲಕ್ಕೆ ಸರಿಯಿತು. ಸುಧಾ ಗಂಡನ ಅಂಗಿಯ ಕೊರಳಪಟ್ಟಿ ಹಿಡಿದು ಜಗ್ಗಿದಳು. "ಪ್ರಯೋಗ ಮಾಡ್ತಿದೀರಾ? ನನ್ನ ಮಗಳ ಮೇಲೆ ಪ್ರಯೋಗ ಮಾಡ್ತಿದೀರಾ?"

ಅವರು ದ್ವೀಪಕ್ಕೇ ಮರಳಿದರು.

ಹೊತ್ತು ಪಶ್ಚಿಮಕ್ಕೆ ವಾಲಿತ್ತು. ಮಗುವನ್ನು ಹಾಸಿಗೆಯ ಮೇಲೆ ಮಲಗಿಸಿದರು. ಉಸಿರು ಇತ್ತು, ಆದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಅಂತರ ಹೆಚ್ಚುತ್ತಿತ್ತು. ವೈದ್ಯರನ್ನೇ ಇಲ್ಲಿಗೆ ಕರೆಸಲು ಚಿದಾನಂದ ಸಿಕ್ಕಿದ ನಂಬರುಗಳಿಗೆಲ್ಲ ಫೋನ್ ಮಾಡಿದ. ಮಗುವನ್ನು ದಡಕ್ಕೆ ತನ್ನಿ ಎಂದರು ಎಲ್ಲರೂ. ದಡಕ್ಕೆ ತಂದರೆ ಮಗು ಸಾಯುತ್ತದೆ ಎಂದು ಯಾರಿಗೆ, ಯಾವ ಬಾಯಿಂದ ಹೇಳುವುದು?

ಕೊನೆಗೆ ಅವನು ಜಗಲಿಗೆ ಬಂದು ಪದ್ಮಯ್ಯನ ಮುಂದೆ ಕುಸಿದು ಕುಳಿತ. "ಏನು ಮಾಡ್ಬೇಕು ಹೇಳು."

"ಹೊತ್ತೋರು ಗಡಿಗೆ ಹೋಗೋತನಕ ಇಳಿಸಬಾರದು ಸಾರ್. ನೀವು ಇಲ್ಲಿ ಇಳಿಸ್ಬುಟ್ರಿ. ಇದೇ ಅವಳ ಮನೆ ಆಯ್ತು. ಮನೆ ಮಗೂನ ಯಾರು ಹೊರಕ್ಕೆ ಬುಡ್ತಾರೆ?"

"ಎತ್ತಿ ನೀರಿಗೆ ಬಿಸಾಕ್ತೀನಿ."

"ಬಿಸಾಕಂಗಿಲ್ಲ. ಹೊತ್ತ ತಲೆಯೋರೇ ಮತ್ತೆ ಹೊತ್ತು, ಮುಂದಿನ ಗಡಿಯಲ್ಲಿ ಕೈಯಾರೆ ಇಳಿಸ್ಬೇಕು. ಇಳಿಸೋತನಕ ಮಾತಾಡಂಗಿಲ್ಲ."

ಮುಂದಿನ ಗಡಿ ಹಿರೇಗದ್ದೆಯದು ಎಂದು ಪದ್ಮಯ್ಯ ವಿವರಿಸಿದ. ಅಣೆಕಟ್ಟೆ ಬರುವ ಮುಂಚೆ ನೆಲ್ಲಿಗುಂದದವರು ಮೊರ ತಂದು ಈ ಕಲ್ಲಿನ ಬಳಿ ಕೂಗು ಹಾಕುತ್ತಿದ್ದರು. ಹಿರೇಗದ್ದೆಯವರು ತಮಟೆ ಬಡಿದುಕೊಂಡು ಎದುರು ಬಂದು ಹೊತ್ತುಕೊಂಡು ಹೋಗಿ ತಮ್ಮೂರ ಮಾರಿಬಂಡೆಯ ಮೇಲೆ ಇಳಿಸುತ್ತಿದ್ದರು. ಅಲ್ಲಿ ಅವಳು ತಣ್ಣಗಾಗುತ್ತಿದ್ದಳು. ಈಗ ಊರು, ಬಂಡೆ ಎರಡೂ ನೀರಿನಡಿ. ಜನ ಆಚೆ ದಡಕ್ಕೆ ಹೋಗಿ ಹೊಸದಾಗಿ ಮನೆ ಕಟ್ಟಿಕೊಂಡಿದ್ದಾರೆ. ಬಂಡೆ ಇಲ್ಲದ ಮೇಲೆ ನಿಮ್ಮ ಮಾರಿ ನಮಗೆ ಬೇಡ ಎಂದುಬಿಟ್ಟಿದ್ದಾರೆ.

"ಹಂಗಾಗಿ ನಾವು ಇಲ್ಲೇ ಮಡಗಿ, ಬಂದೋರಿಗೆಲ್ಲ ಹೇಳ್ತೀವಿ. ಹೇಳಿ ಮಡಗಿದ್ರೆ ಅದು ಕಳಿಸೋದು. ಹೇಳದೆ ಮಡಗಿದ್ರೆ ಕಳಿಸೋದಲ್ಲ ಸಾರ್, ಮಾಟ."

"ಬಂಡೆ ಎಷ್ಟು ಆಳದಲ್ಲಿದೆ?"

"ಬೇಸಿಗೆ ನೀರು. ಎರಡಾಳು ಇದ್ದೀತು."

"ಅಲ್ಲಿಗೇ ಹೋಗೋಣ."

"ನಿಮಗೆ ಈಜು ಬರಲ್ಲ," ಬಾಗಿಲಲ್ಲಿ ನಿಂತಿದ್ದ ಸುಧಾ ಅಂದಳು.

"ಸೊಂಟಕ್ಕೆ ಹಗ್ಗ ಕಟ್ಟಿಕೊಳ್ತೀನಿ. ಮುಳುಗಿ ಇಟ್ಟ ಮೇಲೆ ಇವನು ಎಳೀತಾನೆ."

ಅವಳು ಅವನ ಮುಖವನ್ನೇ ನೋಡಿದಳು. ಅತ್ತು ಅತ್ತು ಅವಳ ದನಿ ಸೋತಿತ್ತು. "ಬಂಡೆ ಮೇಲಾದ್ರೂ ಇಡಿ, ಯಾರ ಮನೆ ಹೊಸ್ತಿಲಲ್ಲಾದ್ರೂ ಇಡಿ. ನನಗೆ ಮಗು ಬೇಕು."

ಸೂರ್ಯ ಮುಳುಗಿದ. ಎಂಜಿನ್ ಸದ್ದಿಗೆ ಆಚೆ ದಡದವರು ಬಂದು ಮೊರ ಕಂಡರೆ ಕಲ್ಲು ಬೀರುತ್ತಾರೆಂದು ಪದ್ಮಯ್ಯ ಬಿದಿರಿನ ತೆಪ್ಪ ಇಳಿಸಿದ. ಚಿದಾನಂದ ಮೊರಕ್ಕೆ ಕೈ ಹಾಕಿದ. ಮಧ್ಯಾಹ್ನ ಎತ್ತಿದ್ದ ಮೊರ ಇದಲ್ಲ. ನೆನೆದ ಭತ್ತದ ಮೂಟೆಯಷ್ಟು ಭಾರವಿತ್ತು. ತಲೆಗೇರಿಸುವಾಗ ಮೊಣಕಾಲು ಬಾಗಿತು. ದಿನವಿಡೀ ಬಿಸಿಲಲ್ಲಿದ್ದ ಬೇವಿನ ಸೊಪ್ಪು ಆಗತಾನೇ ಕೊಯ್ದಂತೆ ಹಸಿಯಾಗಿತ್ತು. ಏನೋ ಬೆಚ್ಚಗಿನದು ಅವನ ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು. ಮೊರದಲ್ಲಿ ನೀರಿನ ಪಸೆ ಇರಲಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ತೆಪ್ಪ ಹೊರಟಿತು. ಹುಟ್ಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನೀರು ಮೊದಲು ಬೂದಿಯ ಬಣ್ಣವಾಯಿತು, ಆಮೇಲೆ ಮಸಿಯ ಬಣ್ಣ. ಕೆಸರಿನ, ಕೊಳೆತ ಬೇರಿನ ವಾಸನೆ. ಆಚೆ ದಡದಲ್ಲಿ ಒಂದೊಂದೇ ದೀಪ ಹತ್ತತೊಡಗಿತು. ತಲೆಯ ಮೇಲೆ, ಮೊರದೊಳಗೆ, ಬಳೆಗಳು ಮೆಲ್ಲನೆ ಸದ್ದು ಮಾಡಿದವು. ತೆಪ್ಪ ಅಲುಗಿದ್ದಕ್ಕಲ್ಲ. ಬಳೆ ತೊಟ್ಟ ಕೈ ಅಲುಗಿದ್ದಕ್ಕೆ. ಯಾರೋ ಕೈ ಮಡಚಿ ಮೊಣಕಾಲ ಮೇಲಿಟ್ಟುಕೊಂಡ ಹಾಗೆ.

ನಡುನೀರಿನಲ್ಲಿ ಪದ್ಮಯ್ಯ ಹುಟ್ಟು ಎತ್ತಿದ. "ಬಂಡೆ ಇದರಡಿ ಅದೆ."

ಹಗ್ಗವನ್ನು ಚಿದಾನಂದನ ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ತನ್ನ ತೋಳಿಗೆ ಸುತ್ತಿಕೊಂಡ. ಚಿದಾನಂದ ತೆಪ್ಪದ ಅಂಚಿಗೆ ಸರಿದು ಒಂದು ಕಾಲನ್ನು ನೀರಿಗಿಟ್ಟ. ಮಂಜಿನಂತೆ ತಣ್ಣಗಿತ್ತು. ಆಗ ಅದು ಕೇಳಿಸಿತು.

ಕಿವಿಗಲ್ಲ, ಮೊದಲು ಪಾದಕ್ಕೆ. ತೆಪ್ಪದ ಬಿದಿರಿನ ತಳ ಅದುರುತ್ತಿತ್ತು. ಒಂದೇ ಲಯದಲ್ಲಿ. ಆಮೇಲೆ ಕಿವಿಗೂ ಬಂತು, ಹೂತ ಸದ್ದು, ಕೆಳಗಿನಿಂದ, ಬಲು ಕೆಳಗಿನಿಂದ.

ತಮಟೆ.

"ಬರ್ತಾವ್ರೆ," ಪದ್ಮಯ್ಯ ಪಿಸುಗುಟ್ಟಿದ. ಅವನ ದನಿಯಲ್ಲಿ ಆಸೆಯಿತ್ತು. "ಎದುರುಗೊಳ್ಳಾಕೆ ಬರ್ತಾವ್ರೆ ಸಾರ್. ಹಳೇ ಹಿರೇಗದ್ದೆಯೋರು. ಇಳೀರಿ. ಕೊಟ್ಟುಬುಟ್ಟು ಬಂದುಬುಡಿ. ನಾನು ಹಿಡ್ಕೊಂಡಿದ್ದೀನಿ. ಇಲ್ಲಿಗೆ ಮುಗೀತದೆ, ಇನ್ಯಾವ ಮಗೀಗೂ ಕಾಯಿಲೆ ಇಲ್ಲ. ಇಳೀರಿ ಸಾರ್."

ಸದ್ದು ಮೇಲೇರಿತು. ನೀರಿನಡಿ ಏನೋ ಬೆಳ್ಳಗೆ ಚಲಿಸಿತು. ಒಂದಲ್ಲ. ಬಹಳ. ಮೇಲೆತ್ತಿದ ಅಂಗೈಗಳ ಹಾಗಿತ್ತು. ಒಂದು ಅವನ ಪಾದವನ್ನು ಸವರಿತು. ಹಿಡಿಯಲಿಲ್ಲ. ಕಾದಿತ್ತು, ಅಷ್ಟೆ.

ಇಳಿಯಬೇಕು. ಇಳಿದರೆ ಮಗಳು ಬದುಕುತ್ತಾಳೆ. ಇಳಿದರೆ ಮುಗಿಯುತ್ತದೆ. ಅವನಿಗೆ ಎಲ್ಲವೂ ಸ್ಪಷ್ಟವಾಗಿತ್ತು. ಮೈ ಮಾತ್ರ ಕೇಳಲಿಲ್ಲ. ಕಾಲು ತಾನಾಗಿ ಮೇಲೆ ಬಂತು. ಮತ್ತೆ ಇಳಿಸಿದ. ಮತ್ತೆ ಬಂತು. ತಲೆಯ ಮೇಲಿನ ಭಾರ ಮುಂದಕ್ಕೆ ವಾಲಿತು, ನೀರನ್ನು ಇಣುಕಿ ನೋಡುವಂತೆ.

ಪದ್ಮಯ್ಯ ಕೈ ಮುಗಿದ.

ಚಿದಾನಂದ ಬಲಗೈ ಎತ್ತಿ ಆಚೆ ದಡ ತೋರಿಸಿದ.

"ಬೇಡ ಸಾರ್. ಅಲ್ಲಿ ಮನೆಗಳವೆ."

ಅವನು ಕೈ ಇಳಿಸಲಿಲ್ಲ. ಬಾಯಿ ಬಿಡುವಂತಿರಲಿಲ್ಲ. ಪದ್ಮಯ್ಯ ಅವನನ್ನು ನೋಡಿದ, ದ್ವೀಪದಲ್ಲಿ ಉರಿಯುತ್ತಿದ್ದ ಒಂಟಿ ದೀಪವನ್ನು ನೋಡಿದ, ಹುಟ್ಟು ಹಾಕಿದ. ತಳದ ಸದ್ದು ಸ್ವಲ್ಪ ದೂರ ಹಿಂಬಾಲಿಸಿ, ತಡವರಿಸಿ, ನಿಂತುಹೋಯಿತು.

ದಡದಲ್ಲಿ ಒಂದು ಅತ್ತಿಮರ, ದನ ನೀರಿಗಿಳಿಯುವ ಜಾಡು. ಅಲ್ಲೇ ಹೊಸ ಹಿರೇಗದ್ದೆಯ ಗಡಿಕಲ್ಲು, ಸುಣ್ಣ ಬಳಿದದ್ದು. ಚಿದಾನಂದ ಮೊಣಕಾಲೂರಿ ಮೊರವನ್ನು ಇಳಿಸಿದ. ನೆಲ ಮುಟ್ಟಿದ ಕೂಡಲೇ ಅದು ಮತ್ತೆ ಹಗುರವಾಯಿತು. ಹಳೆಯ ಬಿದಿರು, ಒಂದಿಷ್ಟು ಅನ್ನ, ಬಳೆ.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

"ರೀ," ಸುಧಾ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ಕಣ್ಣು ಕಾಣ್ತಿದೆಯಂತೆ ರೀ. ನೀರು ಕೇಳಿದ್ಳು. ಕುಡಿದ್ಳು. ಮೈ ತಣ್ಣಗಾಗಿದೆ."

ಅವನು ಫೋನನ್ನು ಹಣೆಗೊತ್ತಿಕೊಂಡು ಬಿಕ್ಕಿದ. ತೆಪ್ಪದ ಕಡೆಗೆ ತಿರುಗಿದ.

"ಯಾರಪ್ಪಾ ಅದು?"

ಜಾಡಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಕರುವಿನ ಹಗ್ಗ ಹಿಡಿದು ಇಳಿದು ಬರುತ್ತಿದ್ದಳು. ಅವಳ ಹಿಂದೆ, ಸೆರಗು ಹಿಡಿದು, ಐದಾರು ವರ್ಷದ ಹುಡುಗಿ. ನೀರಂಚಿನಲ್ಲಿ ಕುಳಿತ ಪದ್ಮಯ್ಯನನ್ನು ಆ ಹೆಂಗಸು ಗುರುತಿಸಿದಳು.

"ನೆಲ್ಲಿಗುಂದದ ಪದ್ಮಯ್ಯ ಅಲ್ವೇನೋ? ಈ ಹೊತ್ತಲ್ಲಿ ಏನೋ ಇಲ್ಲಿ?"

"ಹೂಂ ಕಾಂತಮ್ಮಕ್ಕ," ಎಂದ ಪದ್ಮಯ್ಯ. ಅವನು ನೆಲ ನೋಡುತ್ತಿದ್ದ.

ಕಾಂತಮ್ಮನ ದೃಷ್ಟಿ ಕಲ್ಲಿನ ಬುಡಕ್ಕೆ ಹೋಯಿತು. ಹೆಜ್ಜೆ ನಿಂತಿತು. ಮೊಮ್ಮಗಳನ್ನು ಹಿಂದಕ್ಕೆ ಸರಿಸಿಕೊಂಡಳು. "ಅದೇನದು? ಮಾರಿ ಮೊರ ಅಲ್ವಾ? ಏನಪ್ಪಾ, ನಿಜ ಹೇಳಿ. ಕೇಳಿದ್ರೆ ಹೇಳ್ಬೇಕು. ನಮ್ಮ ಗಡೀಲಿ ತಂದು ಮಡಗಿದ್ರಾ?"

ಪದ್ಮಯ್ಯ ಚಿದಾನಂದನ ಕಡೆ ನೋಡಿದ. ಇಳಿಸಿದವನೇ ಹೇಳಬೇಕಿತ್ತು. ಹೌದು ಎಂದರೆ ಅವಳು ಒಲ್ಲೆ ಎನ್ನುತ್ತಾಳೆ. ಒಲ್ಲೆ ಎಂದರೆ ಮೊರ ಮತ್ತೆ ಅವನ ತಲೆಗೆ. ದ್ವೀಪದಲ್ಲಿ ನೀರು ಕುಡಿದು ಕುಳಿತಿರುವ ಮಗುವಿಗೆ ಮತ್ತೆ ಕತ್ತಲು.

ಚಿದಾನಂದ ಮುಖ ಒರೆಸಿಕೊಂಡ. ಹುಡುಗಿಯ ಕಡೆ ನೋಡಲಿಲ್ಲ. ಅವನ ದನಿ ತರಗತಿಯಲ್ಲಿ ಹೇಗಿರುತ್ತಿತ್ತೋ ಹಾಗೇ ಬಂತು, ಸಮಾಧಾನವಾಗಿ, ತುಸು ನಗುವಿನೊಂದಿಗೆ.

"ಹೆದರಬೇಡಿ ಅಮ್ಮ. ನಾನು ಕಾಲೇಜು ಮೇಷ್ಟ್ರು. ಮಾರಿಯೂ ಇಲ್ಲ, ಗೀರಿಯೂ ಇಲ್ಲ. ಮಕ್ಕಳಿಗೆ ಪಾಠದಲ್ಲಿ ತೋರಿಸೋಕೆ ಮಾಡಿದ ಮೊರ. ಹಳೇದಾಯ್ತು, ಬಿಟ್ಟು ಹೋಗ್ತಿದೀನಿ."

"ದಿಟವಾ?"

"ನಿಜ ಅಮ್ಮ. ಮಾಟ ಮಂತ್ರ ಎಲ್ಲ ಸುಳ್ಳು."

ಕಾಂತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟಳು. "ಅಬ್ಬ. ಜೀವ ಬಾಯಿಗೆ ಬಂದಿತ್ತು. ಓದಿರೋ ನೀವು ಹೇಳಿದ ಮೇಲೆ ಸರಿ ಬುಡಿ." ಕರುವನ್ನು ನೀರಿನ ಕಡೆ ಬಿಟ್ಟಳು. "ಗಂಗೇ, ಬಳೆ ಬೇಕು ಬೇಕು ಅಂತಿದ್ಯಲ್ಲ. ಮೇಷ್ಟ್ರು ಬುಟ್ಟು ಹೋಗ್ತಾವ್ರೆ ನೋಡು. ಮೊರ ಎತ್ತಿಕೊ, ಮನೇಲಿ ಕೇರಾಕೂ ಆಯ್ತದೆ."

ಹುಡುಗಿ ಓಡಿ ಬಂದಳು. ಮೊರವನ್ನು ಎರಡು ಕೈಯಲ್ಲಿ ಎತ್ತಿ, ದೊಡ್ಡವರು ಹೊರುವ ಹಾಗೆ, ತಲೆಯ ಮೇಲಿಟ್ಟುಕೊಂಡು ನಕ್ಕಳು.

ಚಿದಾನಂದ ತೆಪ್ಪ ಹತ್ತಿದ. ಪದ್ಮಯ್ಯ ದಡದಿಂದ ನೂಕಿ ಹುಟ್ಟು ಹಾಕಿದ. ನೀರು ತೆರೆದುಕೊಂಡಿತು. ದಡ ಹಿಂದೆ ಸರಿಯಿತು. ಅತ್ತಿಮರ ಕರಗಿತು. ಕತ್ತಲಲ್ಲಿ ಕಾಂತಮ್ಮನ ದನಿ ಮಾತ್ರ ನೀರಿನ ಮೇಲೆ ಜಾರುತ್ತ ಬಂತು.

"ಗಂಗೇ. ಗಂಗೇ, ಯಾಕೆ ನಿಂತೆ? ಜಾಡು ಈ ಕಡೆ ಅದೆಯಲ್ಲ. ಗಂಗೇ, ಇಲ್ಲಿ ನೋಡವ್ವ. ನನ್ನ ನೋಡು."

ಪದ್ಮಯ್ಯ ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ. ಚಿದಾನಂದ ನಿಲ್ಲಿಸು ಎನ್ನಲೂ ಇಲ್ಲ.